ಮಂಡಕ್ಕಿ ಭಟ್ಟಿಯ ಪ್ಯಾನೆಲ್ ಡಬ್ಬ: ಆ 2.8 ಮಿ.ಮೀ. ಎಲ್ಲಿಂದ ಬಂತು

ಡಬ್ಬ ಒಳಗೆ ಹೋಗಲಿಲ್ಲ. ಜರಡಿ ಮಷೀನಿನ ಎರಡು ಆಂಗಲ್ ಕಂಬಗಳ ನಡುವೆ 302 ಮಿ.ಮೀ. ಜಾಗ ಇತ್ತು. ಆ ಕಡೆ ಒಂದು, ಈ ಕಡೆ ಒಂದು ಮಿಲಿಮೀಟರ್ ಸಡಿಲ ಇರಲಿ ಅಂತ ಡಬ್ಬದ ಅಗಲ 300 ಬರೆದಿದ್ದೆ. ಅಲ್ಲಿ ನಿಂತು ತಳ್ಳಿದರೆ ಒಂದು ಮೂಲೆ ಒಳಗೆ ಹೋಯಿತು, ಇನ್ನೊಂದು ಅಲ್ಲೇ ನಿಂತಿತು. ಟೇಪ್ ಹಿಡಿದೆ. 303ಕ್ಕೆ ಒಂದು ಕೂದಲೆಳೆ ಕಡಿಮೆ, ಅಂದರೆ ಬರೆದದ್ದಕ್ಕಿಂತ 2.8 ಜಾಸ್ತಿ.

ಭಟ್ಟಿ ಚಾಚಾ ಅಷ್ಟರಲ್ಲಿ ಸುತ್ತಿಗೆ ತಂದಿದ್ದರು. "ಎರಡು ಏಟು ಹಾಕು ತಮ್ಮಾ, ತಾನೇ ಕೂರ್ತದೆ." ಕೂರುತ್ತಿತ್ತೇನೋ. ಆದರೆ ನಾನು ಕಂಪ್ಯೂಟರ್‌ನಲ್ಲಿ ಎರಡು ದಿನ ಕೂತು ಬರೆದ ಡಬ್ಬ ಅದು, ಸುತ್ತಿಗೆಯಲ್ಲಿ ಬಡಿದು ಕೂರಿಸೋದು ಅಂದರೆ ಮರ್ಯಾದೆ ಪ್ರಶ್ನೆ. ವಾಪಸ್ ತಂದೆ.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಮ್ಮದು ದಾವಣಗೆರೆ, ಕರೂರು ಇಂಡಸ್ಟ್ರಿಯಲ್ ಏರಿಯಾ ಕಡೆ ಒಂದು ಚಿಕ್ಕ ಶೆಡ್. ವೆಲ್ಡಿಂಗ್, ಡ್ರಿಲ್ಲಿಂಗ್, ಜೋಡಣೆ ನಮ್ಮಲ್ಲೇ. ಲೇಸರ್ ಕಟಿಂಗ್ ಮತ್ತು ಬೆಂಡಿಂಗ್ ಹೊರಗೆ ಜಾಬ್ ವರ್ಕ್. ಮಂಡಕ್ಕಿ ಜರಡಿ ಹಿಡಿಯುವ ಮಷೀನಿನ 1 ಎಚ್‌ಪಿ ಮೋಟರಿಗೆ ಸ್ಟಾರ್ಟರ್, ಎಂಸಿಬಿ (ಕರೆಂಟ್ ಅತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಎಲ್ಲ ಕೂರುವ ಒಂದು ಡಬ್ಬ ಬೇಕಿತ್ತು. ಅಗಲ 300, ಎತ್ತರ 400, ಆಳ 150. ರೆಡಿಮೇಡ್ ಡಬ್ಬ ತಂದು ಹಾಕಬಹುದಿತ್ತಲ್ಲ ಅಂತೀರಾ? ಆ ಕಂಬಗಳ ನಡುವೆ ಸರಿಯಾಗಿ ಕೂರುವ ಅಳತೆ ನನಗೆ ಸಿಗಲಿಲ್ಲ. ಜೊತೆಗೆ ಭಟ್ಟಿ ಎಂದರೆ ಸುಮ್ನೆ ಅಲ್ಲ. ಕಾದ ಮರಳು, ಹೊಟ್ಟಿನ ಬೂದಿ, ಗಾಳಿಯಲ್ಲೆಲ್ಲ ಸಣ್ಣ ತೌಡು. ಮುಚ್ಚಳ ಚೆನ್ನಾಗಿ ಕೂರದಿದ್ದರೆ ಒಂದು ತಿಂಗಳಲ್ಲಿ ಸ್ಟಾರ್ಟರಿನ ಕಾಂಟ್ಯಾಕ್ಟರ್, ಅಂದರೆ ಮೋಟರ್ ಆನ್ ಆಫ್ ಮಾಡುವ ಸ್ವಿಚ್, ಅದರ ಒಳಗೆಲ್ಲ ಧೂಳು.

ಮೊದಲ ಡಬ್ಬವನ್ನು ನಾನು ಬರೆದದ್ದು ಹೀಗೆ. ಫ್ರೀಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ 300, 400, 150ರ ಒಂದು ಗಟ್ಟಿ ದಿಮ್ಮಿ ಮಾಡಿದೆ. ಒಂದು ಮುಖ ತೆಗೆದು ಒಳಗೆಲ್ಲ ಕೊರೆದು 1.6 ದಪ್ಪದ ಗೋಡೆ ಬಿಟ್ಟೆ. ಐದು ನಿಮಿಷದ ಕೆಲಸ. ನೋಡೋಕೆ ಡಬ್ಬ ಥರವೇ ಇತ್ತು. ಆಮೇಲೆ ಡೆವಲಪ್‌ಮೆಂಟ್, ಅಂದರೆ ಮಡಿಸುವ ಮುಂಚಿನ ಚಪ್ಪಟೆ ಹಾಳೆಯ ಅಳತೆ, ಕೈಯಲ್ಲೇ ಕೂಡಿಸಿದೆ: 150, 300, 150, ಒಟ್ಟು 600. ಇನ್ನೊಂದು ಕಡೆ 150, 400, 150, ಒಟ್ಟು 700. ನಾಲ್ಕು ಮೂಲೆಯಲ್ಲಿ 150ರ ಚೌಕ ಕತ್ತರಿಸಿ, ಅಂಚಿನಿಂದ 150ಕ್ಕೆ ಮಡಿಕೆ ಗೆರೆ ಎಳೆದು ಲೇಸರ್‌ಗೆ ಕಳಿಸಿದೆ.

ಇದರಲ್ಲಿ ತಮಾಷೆ ಏನು ಗೊತ್ತಾ? ಮುಚ್ಚಳ ಸರಿಯಾಗಿ ಕೂತಿತ್ತು! ಮುಚ್ಚಳದ ಹೊರ ಅಗಲ 305 ಬರೆದಿದ್ದೆ, ಒಳಗೆ 302ರ ಹತ್ತಿರ ಸಿಗಲಿ ಅಂತ. ಅದೂ ಅದೇ ರೀತಿ 2.8 ಜಾಸ್ತಿ ಬಂದಿತ್ತು. ಡಬ್ಬವೂ ತಪ್ಪು, ಮುಚ್ಚಳವೂ ತಪ್ಪು, ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಜೋಡಿ. ಶೆಡ್‌ನಲ್ಲಿ ಮುಚ್ಚಿ ತೆಗೆದು ಮುಚ್ಚಿ ತೆಗೆದು ಖುಷಿಪಟ್ಟಿದ್ದೆ. ಮೂರನೇ ವಸ್ತು ಬಂದಾಗಲೇ, ಅಂದರೆ ಆ ಆಂಗಲ್ ಕಂಬಗಳು ಬಂದಾಗಲೇ ಬಣ್ಣ ಬಯಲಾದದ್ದು.

ಡಬ್ಬ ಹಿಡಿದುಕೊಂಡು ಬೆಂಡಿಂಗ್ ಮಿಸ್ತ್ರಿ ಹತ್ತಿರ ಹೋದೆ. ಸ್ವಲ್ಪ ಜೋರಾಗಿಯೇ ಹೋದೆ, ನಿಜ ಹೇಳಬೇಕು ಅಂದರೆ. ಅವರು ಡಬ್ಬ ನೋಡಲೇ ಇಲ್ಲ, ನನ್ನ ಡ್ರಾಯಿಂಗ್ ಕೇಳಿದರು. ಮೂಲೆಯ ಮೇಲೆ ಬೆರಳಿಟ್ಟು, "ಈ ಮೂಲೆ ಚೂಪಗೆ ಬರ್ದೀಯಲ್ಲ ತಮ್ಮಾ, ಇಂಥ ಮೂಲೆ ನಮ್ ಮಷೀನಲ್ಲಿ ಬರ್ತದೇನು? ನೀನು ಬರ್ದಿರೋದು ಡಬ್ಬ. ನಂಗೆ ಬೇಕಿರೋದು ಹಾಳೆ" ಅಂದರು.

ಅಲ್ಲಿಗೆ ನನ್ನ ಜೋರು ಇಳಿಯಿತು.

ಬಿಸಿ ಜೋಳದ ರೊಟ್ಟಿ ಮಡಚಿ ನೋಡಿ. ಹೊರಮೈ ಎಳೆದಂತಾಗಿ ಸಣ್ಣಗೆ ಸೀಳುತ್ತದೆ, ಒಳಮೈ ಸುಕ್ಕಾಗುತ್ತದೆ. ನಡುವೆ ಎಲ್ಲೋ ಒಂದು ಪದರ ಎಳೆತವೂ ಇಲ್ಲದೆ ಒತ್ತಡವೂ ಇಲ್ಲದೆ ಇದ್ದಷ್ಟೇ ಉದ್ದ ಉಳಿಯುತ್ತದೆ. ಶೀಟಿನಲ್ಲೂ ಹಾಗೆಯೇ. ಆ ಪದರ ಒಳಮೈಯಿಂದ ದಪ್ಪದ ಎಷ್ಟನೇ ಭಾಗದಲ್ಲಿದೆ ಅನ್ನೋದೇ ಕೆ-ಫ್ಯಾಕ್ಟರ್. ಸರಿಯಾಗಿ ನಡುವೆ ಇದ್ದರೆ 0.5. ಕಬ್ಬಿಣದ ಶೀಟು ಬಗ್ಗಿಸುವಾಗ ಅದು ಸ್ವಲ್ಪ ಒಳಕ್ಕೆ ಸರಿಯುತ್ತದೆ, ಹಾಗಾಗಿ ಸಾಮಾನ್ಯವಾಗಿ 0.4ರಿಂದ 0.45ರ ಆಸುಪಾಸು.

ಮಡಿಕೆ ಗುಂಡಗೆ ಇರುತ್ತದೆ, ನಾವು ಅಳೆಯುವುದು ಮಾತ್ರ ಚೂಪು ಮೂಲೆ ಅಂದುಕೊಂಡು. ಹೊರ ಅಳತೆ ಎರಡನ್ನೂ ಮೂಲೆಯವರೆಗೆ ಹಿಡಿದು ಕೂಡಿಸಿದರೆ, ಹಾಳೆ ನಿಜವಾಗಿ ಹೋಗದ ದಾರಿಯನ್ನೂ ಲೆಕ್ಕಕ್ಕೆ ಹಿಡಿದಂತೆ. ಮೈದಾನಕ್ಕೆ ಅಡ್ಡ ಹಾಯ್ದವನಿಗೆ ಸುತ್ತು ದಾರಿಯ ಹೆಜ್ಜೆ ಎಣಿಸಿದ ಹಾಗೆ. ಆ ಹೆಚ್ಚುವರಿಯನ್ನು ಪ್ರತಿ ಮಡಿಕೆಗೂ ಕಳೆಯಬೇಕು. ನಾನು ಕಳೆದಿರಲಿಲ್ಲ. ಹಾಗಾಗಿ ನಡುವಿನ 300ಕ್ಕೆ ಆ ಕಡೆ ಅರ್ಧ, ಈ ಕಡೆ ಅರ್ಧ ಸೇರಿ 302.8 ಆಯಿತು, ಗೋಡೆಗಳು 150ರ ಬದಲು 151.4 ಬಂದವು. ವರ್ನಿಯರ್‌ನಲ್ಲಿ ಗೋಡೆ ಅಳೆದೆ. ಹೌದು, 151.4.

ಇನ್ನೊಂದು ವಿಷಯ ಮಿಸ್ತ್ರಿ ಹೇಳಿದ್ದು ನನಗೆ ಹೊಸದು. ಒಳಗಿನ ಗುಂಡು, ಅಂದರೆ ರೇಡಿಯಸ್, ನಾನು ಡ್ರಾಯಿಂಗ್‌ನಲ್ಲಿ ಬರೆದ ಹಾಗೆ ಬರುವುದಿಲ್ಲ. ಪಂಚ್, ಅಂದರೆ ಮೇಲಿನಿಂದ ಇಳಿಯುವ ಅಚ್ಚು, ಶೀಟನ್ನು ವಿ ಡೈ, ಅಂದರೆ ಕೆಳಗಿನ ವಿ ಆಕಾರದ ಅಚ್ಚಿನ ಒಳಗೆ ತಳ್ಳುತ್ತದೆ, ಆದರೆ ತಳಕ್ಕೆ ಮುಟ್ಟಿಸುವುದಿಲ್ಲ. ಶೀಟು ಗಾಳಿಯಲ್ಲೇ ಬಗ್ಗುತ್ತದೆ. ಆಗ ಗುಂಡು ಎಷ್ಟು ಬರುತ್ತದೆ ಅನ್ನೋದನ್ನು ಡೈಯ ಬಾಯಿ ತೀರ್ಮಾನಿಸುತ್ತದೆ. ಮೈಲ್ಡ್ ಸ್ಟೀಲ್‌ಗೆ ಸುಮಾರು ಬಾಯಿಯ ಆರನೇ ಒಂದು ಭಾಗ. ಅವರು ಈ ದಪ್ಪಕ್ಕೆ ಹಾಕುವುದು 12 ಮಿ.ಮೀ. ಡೈ, ದಪ್ಪದ ಎಂಟು ಪಟ್ಟು ಅನ್ನುವ ಲೆಕ್ಕದಲ್ಲಿ. ಅಂದರೆ ಒಳಗಿನ ಗುಂಡು ಹೆಚ್ಚುಕಡಿಮೆ 2. ನಾನು 1 ಅಂತ ಬರೆದರೂ 2, 3 ಅಂತ ಬರೆದರೂ 2.

ಸರಿ, ಇನ್ನು ಪುಸ್ತಕದ ಕೋಷ್ಟಕ ಬೇಡ, ಇದೇ ಮಷೀನಿನಲ್ಲಿ ಬಗ್ಗಿಸಿಯೇ ನೋಡೋಣ ಅಂತ ಮೂರು ಪಟ್ಟಿ ಕತ್ತರಿಸಿಕೊಂಡು ಹೋದೆ. ಮೊದಲು ದಪ್ಪ ನೋಡಿದೆ. ಅಂಗಡಿಯಲ್ಲಿ 16 ಗೇಜ್, 1.6 ಅಂತ ಕೊಟ್ಟ ಸಿ.ಆರ್. (ಕೋಲ್ಡ್ ರೋಲ್ಡ್) ಶೀಟು. ವರ್ನಿಯರ್‌ನಲ್ಲಿ 1.5. ಇಲ್ಲಿಯೇ ಒಂದು ಪಾಠ, ಹೆಸರಿನ ದಪ್ಪ ಬೇರೆ, ಕೈಯಲ್ಲಿರುವ ದಪ್ಪ ಬೇರೆ. ಪ್ರತಿ ಪಟ್ಟಿಯ ಉದ್ದ 100 ಮಿ.ಮೀ., ತುದಿಗಳನ್ನು ಅರದಿಂದ ಉಜ್ಜಿ ಸಾಫ್ ಮಾಡಿದ್ದೆ. ಮಿಸ್ತ್ರಿ ಮೂರನ್ನೂ ನಡುವೆ 90 ಡಿಗ್ರಿಗೆ ಬಗ್ಗಿಸಿಕೊಟ್ಟರು. ಬಿಟ್ಟ ಮೇಲೆ ಶೀಟು ಒಂದೆರಡು ಡಿಗ್ರಿ ವಾಪಸ್ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಅವರು ಸ್ವಲ್ಪ ಜಾಸ್ತಿಯೇ ಒತ್ತುತ್ತಾರೆ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡಿ, ಒಂದು ಸರಿಯಿಲ್ಲ ಅಂತ ಮತ್ತೆ ಒತ್ತಿದರು. ಅತಿಯಾಯಿತು ಅನ್ನಬೇಡಿ. 150 ಎತ್ತರದ ಗೋಡೆಯಲ್ಲಿ ಒಂದು ಡಿಗ್ರಿ ತಪ್ಪಿದರೆ ಬಾಯಿಯಲ್ಲಿ 2.6 ಮಿ.ಮೀ. ವ್ಯತ್ಯಾಸ.

ಮೂರು ಪಟ್ಟಿಗಳ ಎರಡೂ ಕಾಲುಗಳ ಹೊರ ಅಳತೆ ಕೂಡಿಸಿದಾಗ ಬಂದದ್ದು 102.82, 102.86, 102.80. ಮೂಲ 100 ಕಳೆದು ಸರಾಸರಿ ಹಿಡಿದರೆ ಒಂದು ಮಡಿಕೆಗೆ 2.83 ಕಳೆಯಬೇಕು. ಇದನ್ನೇ ಬೆಂಡ್ ಡಿಡಕ್ಷನ್ ಅನ್ನುವುದು. ಇಷ್ಟೇ ಸಾಕಿತ್ತು, ಆದರೆ ಸಾಫ್ಟ್‌ವೇರ್‌ಗೆ ಕೆ-ಫ್ಯಾಕ್ಟರ್ ಬೇಕು. ಹಿಂದಕ್ಕೆ ಲೆಕ್ಕ ಹಾಕಿದೆ. ರೇಡಿಯಸ್ 2, ದಪ್ಪ 1.5, ಎರಡೂ ಸೇರಿ 3.5, ಅದರ ಎರಡು ಪಟ್ಟು 7, ಇದು ಚೂಪು ಮೂಲೆಯ ಸುತ್ತು ದಾರಿ. ಏಳರಲ್ಲಿ 2.83 ಹೋದರೆ 4.17. ಮಡಿಕೆಯೊಳಗೆ ಹೋಗುವ ಹಾಳೆಯ ಉದ್ದ ಇದು. 90 ಡಿಗ್ರಿ ಅಂದರೆ 1.571 ರೇಡಿಯನ್, ಅದರಿಂದ ಭಾಗಿಸಿದರೆ 2.65. ರೇಡಿಯಸ್ 2 ತೆಗೆದರೆ 0.65 ಉಳಿಯಿತು. ದಪ್ಪ 1.5ರಿಂದ ಭಾಗಿಸಿದರೆ 0.44ರ ಹತ್ತಿರ. ಬೆಂಡಿಂಗ್ ಮಷೀನ್ ಪಕ್ಕದಲ್ಲಿ ಬಿದ್ದಿದ್ದ ರಟ್ಟಿನ ಮೇಲೆ ಮಾಡಿದ ಲೆಕ್ಕ.

ಎರಡನೇ ಸಲ ಮಾಡೆಲ್ ಮಾಡುವಾಗ ದಿಮ್ಮಿ ಕೊರೆಯುವ ಸಹವಾಸಕ್ಕೆ ಹೋಗಲಿಲ್ಲ. ಫ್ರೀಕ್ಯಾಡ್‌ಗೆ ಶೀಟ್‌ಮೆಟಲ್ ಅಂತ ಒಂದು ವರ್ಕ್‌ಬೆಂಚ್, ಅಂದರೆ ತಗಡಿನ ಕೆಲಸಕ್ಕೆ ಬೇಕಾದ ಟೂಲ್‌ಗಳ ಗುಂಪು, ಇದೆ, ಆಡ್‌ಆನ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಬೇಕು, ದುಡ್ಡಿಲ್ಲ. ಅದರಲ್ಲಿ ಮೊದಲು ಒಂದು ಚಪ್ಪಟೆ ಹಾಳೆ, ಆಮೇಲೆ ಅಂಚು ಹಿಡಿದು ಒಂದೊಂದೇ ಗೋಡೆ ಎಬ್ಬಿಸುತ್ತಾ ಹೋಗಬೇಕು. ಮಿಸ್ತ್ರಿ ಮಾಡುವ ಹಾಗೆಯೇ. ಕೊನೆಗೆ ಅನ್‌ಫೋಲ್ಡ್ ಒತ್ತಿದರೆ ಡೆವಲಪ್‌ಮೆಂಟ್ ಸಿಗುತ್ತದೆ.

ಆದರೆ ಇಲ್ಲಿ ನಾನು ಮೂರು ಸಲ ಎಡವಿದೆ, ಮೂರನ್ನೂ ಹೇಳುತ್ತೇನೆ.

ಬೇಸ್ ಹಾಳೆ 300 ಅಗಲ ಬರೆದು ಎರಡೂ ಕಡೆ ಗೋಡೆ ಎಬ್ಬಿಸಿದೆ. ಅಳೆದರೆ ಹೊರ ಅಗಲ 307! ಕಾರಣ, ಗೋಡೆಯ ಆಯ್ಕೆಯಲ್ಲಿ ಮೆಟೀರಿಯಲ್ ಔಟ್‌ಸೈಡ್ ಅಂತ ಇತ್ತು. ಅಂದರೆ ನಾನು ಹಿಡಿದ ಅಂಚಿನಿಂದ ಆಚೆಗೆ ಮಡಿಕೆ ಶುರು. ಒಂದೊಂದು ಕಡೆಗೆ ರೇಡಿಯಸ್ 2, ದಪ್ಪ 1.5, ಸೇರಿ 3.5 ಜಾಸ್ತಿ. ಅದನ್ನು ಮೆಟೀರಿಯಲ್ ಇನ್‌ಸೈಡ್ ಮಾಡಿದ ಮೇಲೆ ಹೊರಮೈ ಸರಿಯಾಗಿ ಅಂಚಿಗೆ ಬಂದು 300 ಆಯಿತು. ಥಿಕ್‌ನೆಸ್ ಔಟ್‌ಸೈಡ್ ಅಂತ ಇನ್ನೊಂದಿದೆ, ಅದರಲ್ಲಿ ಒಳಮೈ ಅಂಚಿಗೆ ಕೂರುತ್ತದೆ. ಒಳ ಅಳತೆ ಮುಖ್ಯ ಇರುವ ಮುಚ್ಚಳದಂಥ ಭಾಗಕ್ಕೆ ಅದು ಅನುಕೂಲ.

ಗೋಡೆಯ ಉದ್ದವೂ ಹಾಗೆಯೇ. 150 ಕೊಟ್ಟರೆ 153.5 ಬಂತು, ಯಾಕೆಂದರೆ ಉದ್ದವನ್ನು ಲೆಗ್ ಅಂತ ಹಿಡಿದಿತ್ತು. ಲೆಗ್ ಅಂದರೆ ಮಡಿಕೆ ಮುಗಿದ ಮೇಲಿನ ನೆಟ್ಟಗಿನ ಭಾಗ ಮಾತ್ರ. ಔಟರ್ ಶಾರ್ಪ್ ಮಾಡಿದರೆ ನಾವು ವರ್ನಿಯರ್‌ನಲ್ಲಿ ಅಳೆಯುವ ಹೊರ ಅಳತೆ ಬರುತ್ತದೆ. ಶೆಡ್‌ನವರೆಲ್ಲ ಮಾತಾಡುವುದು ಹೊರ ಅಳತೆಯಲ್ಲೇ, ಹಾಗಾಗಿ ನಾನು ಈಗ ಕಣ್ಣು ಮುಚ್ಚಿ ಅದನ್ನೇ ಹಾಕುತ್ತೇನೆ.

ಮೂರನೆಯದು ಸಕತ್ ಕಾಟ ಕೊಟ್ಟಿತು. ಈ ಸಲ ಎಡ ಬಲ ಗೋಡೆಯ ಬಾಯಿಗೆ 20 ಮಿ.ಮೀ. ಒಳಮಡಿಕೆ ಸೇರಿಸಿದ್ದೆ. ಹಾಗಾಗಿ ಅಡ್ಡ ಲೆಕ್ಕ 20, 150, 300, 150, 20, ಒಟ್ಟು 640. ನಾಲ್ಕು ಮಡಿಕೆಗೆ 2.83ರಂತೆ 11.32 ಕಳೆದರೆ 628.7 ಬರಬೇಕು. ಅನ್‌ಫೋಲ್ಡ್ ತೋರಿಸಿದ್ದು 626.6. ಕೆ-ಫ್ಯಾಕ್ಟರ್ 0.44 ಸರಿಯಾಗಿಯೇ ಕೊಟ್ಟಿದ್ದೆ. ರೇಡಿಯಸ್ ನೋಡಿದೆ, ದಪ್ಪ ನೋಡಿದೆ, ಎಲ್ಲ ಸರಿ. ಚಾ ಕುಡಿದು ಬಂದು ಮತ್ತೆ ನೋಡಿದಾಗ ಕಣ್ಣಿಗೆ ಬಿತ್ತು: ಕೆ-ಫ್ಯಾಕ್ಟರ್ ಪಕ್ಕದಲ್ಲಿ ಆನ್ಸಿ (ಅಮೆರಿಕದ್ದು), ಡಿನ್ (ಜರ್ಮನಿಯದ್ದು) ಅಂತ ಎರಡು ಪದ್ಧತಿ ಇವೆ, ನನ್ನದು ಡಿನ್‌ನಲ್ಲಿತ್ತು. ಡಿನ್ ಲೆಕ್ಕದಲ್ಲಿ ಅಂಕಿ ಎರಡು ಪಟ್ಟು. ಅಲ್ಲಿ 1 ಅಂದರೆ ಸರಿಯಾಗಿ ನಡುವೆ. ನನ್ನ 0.44 ಅಲ್ಲಿ 0.22 ಆಗಿಬಿಟ್ಟಿತ್ತು, ಮಡಿಕೆಗೆ ಅರ್ಧ ಮಿಲಿಮೀಟರ್ ಹೋಯಿತು. ಆನ್ಸಿಗೆ ಬದಲಾಯಿಸಿದೆ, 628.7. ರಟ್ಟಿನ ಮೇಲಿನ ಲೆಕ್ಕ ಇಲ್ಲದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಎರಡನೇ ಡಬ್ಬದ ಹಾಳೆ 2 ಮಿ.ಮೀ. ಚಿಕ್ಕದಾಗಿ ಬಂದಿರುತ್ತಿತ್ತು.

ಆ ಒಳಮಡಿಕೆಯ ಕಥೆಯೂ ಸ್ವಲ್ಪ ಇದೆ. ಮೊದಲ ಡಬ್ಬದ ಬಾಯಿ ಗಟ್ಟಿ ಇರಲಿಲ್ಲ, ಹೆಬ್ಬೆರಳಲ್ಲಿ ಒತ್ತಿದರೆ ಗೋಡೆ ಪಟಪಟ ಅನ್ನುತ್ತಿತ್ತು. ಅದಕ್ಕೆ ಸುತ್ತಲೂ 6 ಮಿ.ಮೀ. ಮಡಿಕೆ ಬರೆದುಕೊಂಡು ಹೋಗಿದ್ದೆ. ಮಿಸ್ತ್ರಿ ನಕ್ಕರು. 12ರ ಡೈ ಮೇಲೆ ಶೀಟು ಎರಡೂ ಕಡೆ ಆನಿಕೊಂಡು ಕೂರಬೇಕಾದರೆ ಮಡಿಕೆ ಕಡೇಪಕ್ಷ ಎಂಟೂವರೆ ಇರಬೇಕು, ಇಲ್ಲ ಅಂದರೆ ಅಂಚು ಜಾರಿ ಡೈ ಒಳಗೆ ಬೀಳುತ್ತದೆ. ಡೈ ಬಾಯಿಯ 0.7 ಪಟ್ಟು ಅಂತ ನೆನಪಿಟ್ಟುಕೊಂಡರೆ ಸಾಕು. ಸರಿ, 20 ಮಾಡೋಣ, ನಾಲ್ಕೂ ಕಡೆ ಹಾಕೋಣ ಅಂದೆ.

"ನಾಕೂ ಕಡೆನಾ? ಎರಡು ಗೋಡೆ ಎದ್ದು ನಿಂತ ಮೇಲೆ ಉಳಿದ ಗೋಡೆ ಬಗ್ಸೋಕೆ ಪಂಚ್ ಒಳಗೆ ಇಳೀಬೇಕಲ್ಲ. ಇಳೀತು ಅಂತ ಇಟ್ಕೋ. ಮೇಲಕ್ಕೆ ಹೆಂಗೆ ಬರ್ತದೆ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಗೋಡೆಗಳ ನಡುವಿನ ಪೂರ್ತಿ ಉದ್ದದ ಪಂಚ್ ಇಟ್ಟರೆ, ಒಳಕ್ಕೆ ಚಾಚಿದ ಮಡಿಕೆಗಳು ಅದನ್ನು ಬೋನಿಗೆ ಬಿದ್ದ ಇಲಿಯ ಹಾಗೆ ಹಿಡಿದುಬಿಡುತ್ತವೆ. ಕಂಪ್ಯೂಟರ್‌ನಲ್ಲಿ ಮಾತ್ರ ಯಾವ ಗೋಡೆ ಬೇಕಾದರೂ ಎಬ್ಬಿಸಬಹುದು, ಅಲ್ಲಿ ಪಂಚ್ ಇರುವುದಿಲ್ಲವಲ್ಲ. ತುದಿಗೆ ಕಿವಿ ಇರುವ ಪಂಚ್ ತುಂಡುಗಳಿದ್ದರೆ ಮಾಡಬಹುದಂತೆ, ಅವರ ಹತ್ತಿರ ಇಲ್ಲ. ಕೊನೆಗೆ ಎಡ ಬಲಕ್ಕೆ ಮಾತ್ರ ಒಳಮಡಿಕೆ, ಮೇಲೆ ಕೆಳಗೆ ಬೇಡ ಅಂತ ತೀರ್ಮಾನ. ಮೊದಲು ಆ 20ರ ಮಡಿಕೆಗಳು, ಆಮೇಲೆ ಮೇಲಿನ ಮತ್ತು ಕೆಳಗಿನ ಗೋಡೆ, ಕೊನೆಗೆ ಎಡ ಬಲ. ಈ ಕ್ರಮದಲ್ಲಿ ಪಂಚ್ ಸಲೀಸಾಗಿ ಹೊರಗೆ ಬರುತ್ತದೆ.

ಮೊದಲ ಡಬ್ಬದಲ್ಲಿ ಇನ್ನೂ ಎರಡು ಅವಲಕ್ಷಣ ಇದ್ದವು. ಮೂಲೆಗಳನ್ನು ಚೂಪಾಗಿ ಕತ್ತರಿಸಿದ್ದೆ, ಹಾಗಾಗಿ ಎರಡು ಮಡಿಕೆ ಸೇರುವ ಜಾಗದಲ್ಲಿ ಲೋಹಕ್ಕೆ ಹೋಗಲು ದಾರಿಯಿಲ್ಲದೆ ಸಣ್ಣ ಗಂಟು ಎದ್ದಿತ್ತು. ಈ ಸಲ ಮಡಿಕೆ ಗೆರೆಗಳು ಸೇರುವಲ್ಲಿ 5 ಮಿ.ಮೀ. ಗುಂಡು ತೂತು ಬಿಟ್ಟೆ, ಗೋಡೆಗಳ ನಡುವೆ ಅರ್ಧ ಮಿ.ಮೀ. ಸಂದು ಬಿಟ್ಟೆ. ವೆಲ್ಡಿಂಗ್‌ನಲ್ಲಿ ಅದು ತುಂಬಿಕೊಳ್ಳುತ್ತದೆ. ಇನ್ನೊಂದು, ವೈರ್ ಒಳಗೆ ಬರುವಲ್ಲಿ ಅದನ್ನು ಬಿಗಿ ಹಿಡಿಯುವ ಕೇಬಲ್ ಗ್ಲ್ಯಾಂಡಿನ 20.5ರ ತೂತು. ಅದರ ಅಂಚು ಹಿಂಬದಿಯಿಂದ 3 ಮಿ.ಮೀ. ದೂರದಲ್ಲೇ ಇತ್ತು, ಅಂದರೆ ಮಡಿಕೆಯೊಳಗೇ ಇತ್ತು. ಬಗ್ಗಿಸಿದಾಗ ತೂತು ಕೋಳಿಮೊಟ್ಟೆ ಆಯಿತು, ಗ್ಲ್ಯಾಂಡಿನ ವಾಷರ್ ಒಂದು ಕಡೆ ಎದ್ದು ನಿಂತಿತು. ತೂತಿನ ಅಂಚು ಮಡಿಕೆ ಮುಗಿದ ಜಾಗದಿಂದ ದಪ್ಪದ ಎರಡು ಪಟ್ಟು ಮತ್ತು ರೇಡಿಯಸ್ ಸೇರಿದಷ್ಟು ದೂರ ಇರಬೇಕು, ಇಲ್ಲಿ 5. ಒಳಮಡಿಕೆಯಲ್ಲಿ ಮುಚ್ಚಳದ ಸ್ಕ್ರೂಗೆ ರಿವ್‌ನಟ್ (ತಗಡಿಗೆ ಕಚ್ಚಿ ಕೂರುವ ನಟ್) ಹಾಕುವ 7ರ ತೂತುಗಳಿಗೂ ಇದೇ ಲೆಕ್ಕ. ಮಡಿಕೆ 20 ಆಗಿದ್ದಕ್ಕೆ ಅದು ಮುಖ್ಯ ಕಾರಣ.

ಲೇಸರ್‌ಗೆ ಡಿಎಕ್ಸ್‌ಎಫ್ (ಡ್ರಾಯಿಂಗ್ ಫೈಲ್) ಕಳಿಸಿದ ಅರ್ಧ ಗಂಟೆಗೆ ಫೋನ್ ಬಂತು. "ಸರ್, ನಡುವೆ ಗೆರೆಗಳಿದಾವಲ್ಲ, ಅವನ್ನೂ ಕಟ್ ಮಾಡ್ಬೇಕಾ?" ಮಡಿಕೆ ಗೆರೆಗಳನ್ನು ಬೇರೆ ಲೇಯರ್‌ಗೆ ಹಾಕುವುದು ಮರೆತಿದ್ದೆ. ಕೇಳಿದ್ದಕ್ಕೆ ಬಚಾವ್. ಕೇಳದೆ ಓಡಿಸಿದ್ದರೆ ಏಳು ತುಂಡು ತಗಡು ಮನೆಗೆ ತರುತ್ತಿದ್ದೆ.

ಶನಿವಾರ ಬೆಂಡಿಂಗ್ ಮುಗಿಯಿತು. ಅಲ್ಲೇ ಗೋಡೆ ಅಳೆದೆ, 149.9 ಮತ್ತು 150.0. ಅಗಲ ಟೇಪ್‌ನಲ್ಲಿ ಸರಿಯಾಗಿ 300. ಮೂಲೆ ವೆಲ್ಡ್ ಮಾಡಿ, ಉಜ್ಜಿ, ಪೌಡರ್ ಕೋಟಿಂಗ್‌ಗೆ ಕೊಟ್ಟೆ. ಬಣ್ಣ ಒಂದು ಮೈಗೆ 60ರಿಂದ 80 ಮೈಕ್ರಾನ್ ಕೂರುತ್ತದೆ, ಅಂದರೆ ಅಗಲಕ್ಕೆ ಒಟ್ಟು 0.15ರ ಹತ್ತಿರ. ನಮ್ಮ ಸಡಿಲದಲ್ಲಿ ಅದು ಕರಗಿಹೋಗುತ್ತದೆ, ಆದರೆ ತೂತುಗಳು ಅಷ್ಟೇ ಕಿರಿದಾಗುತ್ತವೆ ಅನ್ನುವುದು ನೆನಪಿರಲಿ.

ಭಟ್ಟಿಯಲ್ಲಿ ಈ ಸಲ ಚಾಚಾ ಸುತ್ತಿಗೆ ಹಿಡಿದೇ ನಿಂತಿದ್ದರು. ಡಬ್ಬ ಎರಡು ಕಂಬಗಳ ನಡುವೆ ಸರ್ರನೆ ಒಳಗೆ ಹೋಯಿತು. ಅವರು ಸುತ್ತಿಗೆ ಕೆಳಗಿಟ್ಟು, ಎರಡು ಸಲ ಡಬ್ಬವನ್ನು ಹೊರಗೆಳೆದು ಒಳಗೆ ತಳ್ಳಿ ನೋಡಿ, "ಇಷ್ಟಕ್ಕೆ ಹದಿನೈದು ದಿನ ಬೇಕಿತ್ತಾ?" ಅಂದರು. ಬರುವಾಗ ಬಿಸಿ ಮಂಡಕ್ಕಿ ಒಂದು ಚೀಲ ಕಟ್ಟಿಕೊಟ್ಟರು. ಅದರಲ್ಲಿ ಅರ್ಧ ಮಿಸ್ತ್ರಿಗೆ ಹೋಯಿತು, ಮಿರ್ಚಿ ಅವರದ್ದು.

ಹಳೆ ಡಬ್ಬ ಸುಮಾರು 4 ಕೆ.ಜಿ. ತೂಕದ್ದು, ಗುಜರಿಗೆ ಹಾಕಲು ಮನಸ್ಸಾಗದೆ ವೆಲ್ಡಿಂಗ್ ರಾಡ್ ಇಡಲು ಇಟ್ಟುಕೊಂಡಿದ್ದೇವೆ. ಟೆಸ್ಟ್ ಪಟ್ಟಿಯಲ್ಲಿ ಒಂದಕ್ಕೆ ತೂತು ಹಾಕಿ, ಮಾರ್ಕರ್‌ನಲ್ಲಿ "12ರ ಡೈ, 1.5, 2.83" ಅಂತ ಬರೆದು ಬೆಂಡಿಂಗ್ ಮಷೀನ್ ಪಕ್ಕದ ಮೊಳೆಗೆ ನೇತುಹಾಕಿ ಬಂದಿದ್ದೆ. ಮೊನ್ನೆ ಬೇರೆ ಕೆಲಸಕ್ಕೆ ಹೋದಾಗ ನೋಡಿದರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ತೂಗಾಡುತ್ತಿತ್ತು. ಮಿಸ್ತ್ರಿ ತಾವೇ ಬಗ್ಗಿಸಿ, ತಾವೇ ಅಳೆದು ಬರೆದಿದ್ದರು: "16ರ ಡೈ, 1.5, 3.08".